ನಾಲ್ಕು ಜಪಮಾಲೆಯ ದಾರಿ

ಬಸ್ಸು ಕೊನೆಗೆ ನಿಲ್ಲುವುದು ಬುರ್ಗಾ ಅತ್ತೆಯ ಕೊಟ್ಟಿಗೆಯ ಎದುರಿಗೆ. ಅಲ್ಲಿಂದ ಆಚೆ ರಸ್ತೆಯಿಲ್ಲ. ಚಾಲಕ ಬಸ್ಸನ್ನು ಹಿಂದಕ್ಕೆ ತೆಗೆದು, ಕೊಟ್ಟಿಗೆಯ ಗೋಡೆಗೆ ಒಂದು ಮೊಳ ಉಳಿಯುವಂತೆ ನಿಲ್ಲಿಸಿ, ಮತ್ತೆ ಪೇಟೆಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಾನೆ. ಇಳಿದವರ ಕಣ್ಣಿಗೆ ಮೊದಲು ಬೀಳುವುದು ಒಂದು ಕಂಬ, ಅದರ ಮೇಲೆ ಬಾಣದ ತುದಿಯಂತೆ ಚೂಪಾದ ಹಳದಿ ಹಲಗೆಗಳು. ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ ‘ಗ್ಲೆನ್ ಆಲ್ಮ್, 1 ಗಂಟೆ’ ಎಂದು ಬರೆದಿತ್ತು. ಪಕ್ಕದಲ್ಲಿ ಅಂಗೈ ಅಗಲದ ಒಂದು ಹಸಿರು ಬೊಟ್ಟು.

ಆ ಒಂದು ಗಂಟೆಯನ್ನು ಬರೆಸಿದ್ದು ಬುರ್ಗಾ ಅತ್ತೆಯ ಅಪ್ಪ, ಅಂದರೆ ನನ್ನ ಅಜ್ಜ ರೋಮೆಡ್. ಹಸಿರು ಬೊಟ್ಟು ಅತ್ತೆಯದೇ ಗಳಿಕೆ.

ಅವಳ ಪೂರ್ತಿ ಹೆಸರು ನೋಟ್‌ಬುರ್ಗಾ. ನನ್ನ ಅಪ್ಪನ ಅಕ್ಕ. ಪೇಟೆಯ ಹೋಟೆಲೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಬೆಳಗಿನ ಮೊದಲ ಬಸ್ಸಿನಲ್ಲಿ ಇಳಿದು ಹೋಗುವುದು, ಮಧ್ಯಾಹ್ನದ ಬಸ್ಸಿನಲ್ಲಿ ಏರಿ ಬರುವುದು. ಹಬೆಯಲ್ಲಿ ಬೆಂದ ಕೈಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಊಟ ಮುಗಿಸಿ, ಕೈಗೆ ಎಣ್ಣೆ ಸವರಿಕೊಂಡು, ಬೆನ್ನಿಗೆ ಮರದ ಚೌಕಟ್ಟು ಕಟ್ಟಿಕೊಂಡು ಹೊರಟರೆ ಸಂಜೆಯವರೆಗೆ ಅವಳು ದಾರಿಯ ಮೇಲೆ. ಚೌಕಟ್ಟಿಗೆ ಕೆಂಪು ಬಣ್ಣದ ಡಬ್ಬಿ, ಬಿಳಿ ಬಣ್ಣದ ಡಬ್ಬಿ, ತಂತಿಯ ಕುಂಚ, ಕೈಗರಗಸ. ಕಣಿವೆಯ ಎಲ್ಲ ದಾರಿಗಳ ಗುರುತುಗಳನ್ನು ನೋಡಿಕೊಳ್ಳುವ ಕೆಲಸ ಅಜ್ಜನದಾಗಿತ್ತು. ಅವನು ತೀರಿಕೊಂಡ ಮರುವಾರ ಅತ್ತೆ ಡಬ್ಬಿಗಳನ್ನು ಎತ್ತಿಕೊಂಡಳು. ಯಾರೂ ಅವಳನ್ನು ಕೇಳಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ.

ಬಂಡೆಯ ಮೇಲೆ ಹಳೆಯ ಪಟ್ಟೆ ಮಾಸಿದ್ದರೆ ಮೊದಲು ಪಾಚಿಯನ್ನು ಉಜ್ಜಿ ತೆಗೆಯುತ್ತಾಳೆ. ಆಮೇಲೆ ಕೆಂಪು, ಬಿಳಿ, ಕೆಂಪು. ಒಂದು ಗುರುತಿನಿಂದ ಮುಂದಿನದು ಕಾಣಬೇಕು, ಆದರೆ ಮೂರನೆಯದು ಕಾಣಬಾರದು ಎನ್ನುವುದು ಅವಳ ನಿಯಮ. “ಎಲ್ಲಾ ಒಟ್ಟಿಗೆ ಕಂಡ್ರೆ ಜನ ದಾರಿ ನೋಡಲ್ಲ, ಬಣ್ಣ ನೋಡ್ತಾರೆ” ಎನ್ನುತ್ತಿದ್ದಳು.

ಮದುವೆಯಾಗಲಿಲ್ಲ. ಪಕ್ಕದ ಕಣಿವೆಯವನೊಬ್ಬ ಎರಡು ಬೇಸಿಗೆ ಅವಳ ಜೊತೆ ಬೆಟ್ಟ ಹತ್ತಿದ್ದನಂತೆ. ಏನಾಯಿತು ಎಂದು ನಾನೊಮ್ಮೆ ಕೇಳಿದಾಗ ಅತ್ತೆ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸದೆ ಹೇಳಿದಳು, “ಅವನ ಹೆಜ್ಜೆ ಉದ್ದ. ಹಿಂದೆ ತಿರುಗಿ ನೋಡ್ತಾನೇ ಇರ್ಲಿಲ್ಲ.”

ಕಣಿವೆಯ ಹದಿನಾಲ್ಕು ದಾರಿಗಳಲ್ಲಿ ಅವಳಿಗೆ ಹೆಚ್ಚು ಇಷ್ಟವಾದದ್ದು ಗ್ಲೆನ್ ನದಿಯ ಪಕ್ಕದ ದಾರಿ. ಕೊಟ್ಟಿಗೆಯ ಹಿಂದಿನಿಂದ ಹೊರಟು, ಮರದ ಸೇತುವೆ ದಾಟಿ, ನದಿಯ ಜೊತೆಜೊತೆಗೇ ಸಾಗಿ, ನಡುವೆ ‘ಏಣಿ’ ಎಂಬ ಕಡಿದಾದ ಏರನ್ನು ಹತ್ತಿ, ಕೊನೆಗೆ ದನಗಳು ಬೇಸಿಗೆ ಕಳೆಯುವ ಮೇಲಿನ ಹುಲ್ಲುಗಾವಲಿಗೆ, ಅಂದರೆ ಆಲ್ಮ್‌ಗೆ ತಲುಪುತ್ತದೆ. ಮೇಲೆ ಒಂದು ಗುಡಿಸಲು. ಅಲ್ಲಿ ವೇವಾ ಎಂಬ ಹೆಂಗಸು ಮಜ್ಜಿಗೆ, ಬ್ರೆಡ್ಡು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಇಟ್ಟುಕೊಂಡಿರುತ್ತಾಳೆ. ಅತ್ತೆ ಈ ದಾರಿಗೆ ಸೇತುವೆಯ ಬದಿಗಳಲ್ಲಿ ಎರಡೆರಡು ಹಿಡಿಕಂಬಿ ಹಾಕಿಸಿದ್ದಳು. ಒಂದು ದೊಡ್ಡವರ ಕೈಗೆ, ಅದರ ಕೆಳಗೆ ಇನ್ನೊಂದು ಚಿಕ್ಕವರ ಕೈಗೆ. ಕೆಸರಾಗುವ ಕಡೆಯೆಲ್ಲ ಹಲಗೆ. ಅಮ್ಮನೂ ಮಗುವೂ ಕೈಹಿಡಿದು ಅಕ್ಕಪಕ್ಕ ನಡೆಯುವಷ್ಟು ಅಗಲದ ಹಲಗೆ. ಏಳು ವರ್ಷ ಹೀಗೆ ದುಡಿದ ಮೇಲೆ ಕಣಿವೆಯ ದಾರಿಗಳ ಸಂಘ ಅದಕ್ಕೆ ಹಸಿರು ಬೊಟ್ಟು ಕೊಟ್ಟಿತು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಹುದಾದ ದಾರಿ ಎಂಬ ಗುರುತು. ಕಣಿವೆಯಲ್ಲಿ ಅಂಥದ್ದು ಅದೊಂದೇ. ಹಸಿರು ಬೊಟ್ಟಿದ್ದರೆ ವರ್ಷಕ್ಕೊಮ್ಮೆ ಮರ, ಜಲ್ಲಿ, ಎರಡು ದಿನ ನಾಲ್ವರು ಆಳುಗಳು. ಬೊಟ್ಟು ಹೋದರೆ ಅದೆಲ್ಲವೂ ಹೋಗುತ್ತದೆ. ಎರಡು ಹಿಮ ಕರಗುವಷ್ಟರಲ್ಲಿ ಹಲಗೆಗಳು ನದಿಯ ಪಾಲು.

ಕಳೆದ ವರ್ಷ ಜೂನ್ ತಿಂಗಳಲ್ಲಿ ಆ ಬೊಟ್ಟಿಗೇ ಕುತ್ತು ಬಂತು.

ಲಿಂಜ್ ಊರಿನ ಸಂಸಾರವೊಂದು ನಾಲ್ಕು ವರ್ಷದ ಅವಳಿ ಮಕ್ಕಳೊಂದಿಗೆ ಬಂದಿತ್ತು. ಹಲಗೆ ನೋಡಿ, ಒಂದು ಗಂಟೆ ತಾನೇ ಎಂದುಕೊಂಡು ಮಧ್ಯಾಹ್ನ ಎರಡಕ್ಕೆ ಹೊರಟಿತು. ಇಳಿದು ಬರುವಷ್ಟರಲ್ಲಿ ಐದೂ ಇಪ್ಪತ್ತರ ಕೊನೆಯ ಬಸ್ಸು ಹೋಗಿತ್ತು. ಅತ್ತೆ ಅಂದು ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಕೊಟ್ಟಿಗೆಯಲ್ಲಾದರೂ ಮಲಗಿಸುತ್ತಿದ್ದಳು. ಅವರು ಮಕ್ಕಳನ್ನು ಹೊತ್ತುಕೊಂಡು ಪೇಟೆಯವರೆಗೆ ನಡೆದರು. ಆಮೇಲೆ ಸಂಘಕ್ಕೆ ಕಾಗದ ಬರೆದರು. ಕಾಗದದಲ್ಲಿ ಬೈಗುಳ ಇರಲಿಲ್ಲ. ಇಷ್ಟೇ ಕೇಳಿದ್ದರು: ನಿಮ್ಮ ಕಣಿವೆಯಲ್ಲಿ ಒಂದು ಗಂಟೆ ಅಂದರೆ ಎಷ್ಟು?

ಸಭೆ ಅಗ್ನಿಶಾಮಕದವರ ಕೋಣೆಯಲ್ಲಿ ಸೇರಿತು. ಸಂಘದ ಅಧ್ಯಕ್ಷ ವಿಗಿಲ್, ಅತ್ತೆಗೆ ಚಿಕ್ಕಪ್ಪನ ಮಗ. ಅವನಿಗೂ ಅವಳಿಗೂ ಎರಡು ತಿಂಗಳ ಅಂತರ, ಹುಟ್ಟಿದಾಗಿನಿಂದ ಜಗಳ. ಸಭೆಯ ನಡಾವಳಿ ಬರೆಯುವವಳು ನಾನಾದ್ದರಿಂದ ಎಲ್ಲವನ್ನೂ ಕೇಳಿಸಿಕೊಂಡೆ, ಅರ್ಧವನ್ನು ಬರೆದೆ.

“ಕಾಗದ ಓದಿದ್ಯಲ್ಲ ಬುರ್ಗಾ? ಈಗ ನೀನೇ ಹೇಳು. ನಿನ್ನ ಗಂಟೆಗೆ ಎಷ್ಟು ನಿಮಿಷ ಕಣೇ?” ಎಂದ ವಿಗಿಲ್.

“ನಿನ್ನ ಗಂಟೆಗೆ ಎಷ್ಟೋ ಅಷ್ಟೇ. ನೀನು ಆಲ್ಮ್‌ಗೆ ಕೊನೇ ಸಲ ನಡ್ಕೊಂಡು ಹೋಗಿದ್ದು ಯಾವಾಗ? ಅದನ್ನ ಹೇಳು, ಆಮೇಲೆ ಮಾತಾಡೋಣ.”

“ನಾನ್ಯಾಕೆ ನಡೀಲಿ? ಹಾಲಿನ ಕ್ಯಾನ್ ಇಳಿಸೋ ತಂತಿ ಬುಟ್ಟೀಲಿ ಕೂತ್ಕೊಂಡು ಹೋಗ್ತೀನಿ.”

“ಅದಕ್ಕೇ ತಂತಿ ಅಷ್ಟು ಜೋತು ಬಿದ್ದಿರೋದು.”

ಎಲ್ಲರೂ ನಕ್ಕರು. ವಿಗಿಲ್ ಕೂಡ ನಕ್ಕ, ಆದರೆ ಕಾಗದವನ್ನು ಮಡಿಸಿ ಇಡಲಿಲ್ಲ. “ತಮಾಷೆ ಬಿಡು. ಇದು ಮೂರನೇ ಕಾಗದ. ಹಿಂದಿನ ಎರಡನ್ನ ನಾನೇ ಮುಚ್ಚಿಟ್ಟೆ, ನಿನಗೆ ಬೇಜಾರಾಗುತ್ತೆ ಅಂತ. ಮಕ್ಕಳ ದಾರಿ ಅಂದ್ರೆ ಹೋಗಿ ಬರೋಕೆ ಮೂರು ಗಂಟೆ ಮೀರಬಾರ್ದು. ನಿಯಮ ಇರೋದೇ ಹಾಗೆ. ಮೀರಿದ್ರೆ ಬೊಟ್ಟು ಅಳಿಸ್ಬೇಕು.”

“ಒಂದು ಗಂಟೆ ಹತ್ತೋಕೆ, ಮುಕ್ಕಾಲು ಇಳಿಯೋಕೆ. ನಮ್ಮಪ್ಪ ಅಳೆದಿದ್ದು. ನಾನೂ ಪ್ರತಿ ವಸಂತದಲ್ಲೂ ಅಳೀತೀನಿ. ಒಂದು ಸಲಾನೂ ತಪ್ಪಿಲ್ಲ.”

“ಹಾಗಾದ್ರೆ ಇನ್ನೊಂದು ಸಲ ಅಳೆ. ಆದ್ರೆ ನಿನ್ನ ಕಾಲಲ್ಲಿ ಅಲ್ಲ. ಒಂದು ಮಗುವಿನ ಕಾಲಲ್ಲಿ.” ವಿಗಿಲ್ ನನ್ನ ಕಡೆ ತಿರುಗಿದ. “ನಿನ್ನ ಮಗಳಿಗೆ ಎಷ್ಟಮ್ಮ ಈಗ?”

“ಐದು” ಎಂದೆ.

“ಸರಿ. ಅವಳೇ ನಮ್ಮ ಅಳತೆಗೋಲು. ನಿಂತ ಹೊತ್ತು ಲೆಕ್ಕಕ್ಕಿಲ್ಲ, ನಡೆದ ಹೊತ್ತು ಮಾತ್ರ. ಗಡಿಯಾರ ನಿನ್ನ ಹತ್ರ ಇರ್ಲಿ, ಬುರ್ಗಾ ಹತ್ರ ಬೇಡ.”

ಅತ್ತೆಯ ಬಳಿ ಗಡಿಯಾರ ಇರಲೂ ಇಲ್ಲ. ಹಬೆಯ ಕೋಣೆಯಲ್ಲಿ ಗಡಿಯಾರಗಳು ಉಳಿಯುವುದಿಲ್ಲವೆಂದು ಅವಳು ಯಾವತ್ತೂ ಕಟ್ಟಿದವಳಲ್ಲ. ಅವಳು ಅಳೆಯುತ್ತಿದ್ದದ್ದು ನಮ್ಮ ಕಣಿವೆಯ ಹಿರಿಯರು ಅಳೆಯುತ್ತಿದ್ದ ಹಾಗೆ, ಜಪಮಾಲೆಯಲ್ಲಿ. ಯಾವ ಊರು ಎಷ್ಟು ದೂರ ಎಂದು ಕೇಳಿದರೆ ನನ್ನ ಮುತ್ತಜ್ಜಿ ‘ಎರಡು ಮಾಲೆ’, ‘ಆರು ಮಾಲೆ’ ಎನ್ನುತ್ತಿದ್ದಳಂತೆ. ನಡೆಯುತ್ತಾ, ಮಣಿಗೊಂದು ಪ್ರಾರ್ಥನೆಯಂತೆ ಜಪ ಮಾಡಿದರೆ ಒಂದು ಮಾಲೆ ಮುಗಿಯಲು ಕಾಲು ಗಂಟೆ. ಹಳದಿ ಹಲಗೆಗಳು ಮೊದಲು ಬಂದಾಗ ಸಂಘದವರು ಅಜ್ಜನನ್ನು ಕೇಳಿದರು. ಅಜ್ಜ ಮಾಲೆಗಳನ್ನು ಕಾಲು ಗಂಟೆಗಳಾಗಿ ಮಾಡಿ ಹೇಳಿದ. ಆಲ್ಮ್‌ಗೆ ನಾಲ್ಕು ಮಾಲೆ. ಆದ್ದರಿಂದ ಒಂದು ಗಂಟೆ.

*

ಜುಲೈನ ಒಂದು ಶನಿವಾರ ಬೆಳಿಗ್ಗೆ ನಾವು ಮೂವರು ಹೊರಟೆವು. ಬುರ್ಗಾ ಅತ್ತೆ, ನಾನು, ನನ್ನ ಮಗಳು ಫ್ರೀಡಾ. ಹಿಂದಿನ ದಿನ ಮಳೆ ಬಿದ್ದು ಗಾಳಿ ತೊಳೆದಂತಿತ್ತು. ಕತ್ತರಿಸಿದ ಹುಲ್ಲಿನ ವಾಸನೆ ಸೇತುವೆಯವರೆಗೂ ಬಂದು, ಅಲ್ಲಿಂದ ಮುಂದೆ ನೀರಿನ ತಣ್ಣನೆಯ ವಾಸನೆಗೆ ಜಾಗ ಬಿಟ್ಟುಕೊಟ್ಟಿತು. ನದಿ ಹಾಲೊಡೆದ ನೀರಿನ ಬಣ್ಣದಲ್ಲಿತ್ತು. ಮೇಲೆ ಹಿಮಗಡ್ಡೆ ಕರಗುವ ದಿನಗಳಲ್ಲಿ ಅದು ಹಾಗೇ ಇರುತ್ತದೆ. ಅತ್ತೆ ಅಂಗಿಯ ಜೇಬಿನೊಳಗೆ ಕೈ ಹಾಕಿಕೊಂಡಿದ್ದಳು. ಮಾಲೆ ಅಲ್ಲಿತ್ತು. ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು.

ಫ್ರೀಡಾ ಸೇತುವೆಯ ಚಿಕ್ಕವರ ಹಿಡಿಕಂಬಿಯನ್ನು ಕೊನೆಯವರೆಗೂ ಹಿಡಿದು ನಡೆದಳು. ಆಮೇಲೆ ವಾಪಸ್ ಹೋಗಿ ಇನ್ನೊಂದು ಬದಿಯದನ್ನೂ ಹಿಡಿದು ನಡೆದಳು.

“ಇದು ನಡೆದ ಹೊತ್ತೋ ನಿಂತ ಹೊತ್ತೋ?” ಎಂದೆ.

“ಸುಮ್ನೆ ಬರೀ” ಎಂದಳು ಅತ್ತೆ.

ಸೇತುವೆ ದಾಟಿದ ಮೇಲೆ ನಮ್ಮಲ್ಲಿ ಯಾರೂ ಯಾರಿಗೂ ‘ನೀವು’ ಅನ್ನುವುದಿಲ್ಲ. ಎದುರಿಗೆ ಪೇಟೆಯ ವೈದ್ಯರು ಹೆಂಡತಿಯೊಂದಿಗೆ ಇಳಿದು ಬರುತ್ತಿದ್ದರು. ಕೆಳಗೆ ಅವರ ಕೋಣೆಯಲ್ಲಿ ಕೈಕಟ್ಟಿ ಕೂರುವ ಅತ್ತೆ ಇಲ್ಲಿ, “ಏನಪ್ಪಾ, ಮೊಣಕಾಲಿಗೆ ನೀನೇ ಮಾತ್ರೆ ತಗೊಂಡ್ಯೋ ಇಲ್ವೋ?” ಎಂದಳು. ವೈದ್ಯರು ಕೋಲು ಎತ್ತಿ ತೋರಿಸಿ, “ನೀನು ಏಣೀಗೆ ಒಂದು ಮೆಟ್ಟಿಲು ಕಮ್ಮಿ ಮಾಡಿಸು, ಮಾತ್ರೆ ಬೇಡ” ಎಂದು ಹೇಳಿ ಹೋದರು.

ನಲವತ್ತಾರು ನಿಮಿಷ ನಡೆದ ಮೇಲೆ ಬಿಳಿಗಲ್ಲಿನ ದಂಡೆ ಬಂತು. ಅಲ್ಲಿ ಕಣಿವೆ ಸ್ವಲ್ಪ ಅಗಲವಾಗುತ್ತದೆ. ನದಿ ಎರಡಾಗಿ ಒಡೆದು, ಒಂದು ಕವಲು ಸೋಮಾರಿಯಾಗಿ ದಂಡೆಯ ಮೇಲೆಲ್ಲ ಹರಡಿಕೊಳ್ಳುತ್ತದೆ. ಪಾದ ಮುಳುಗದಷ್ಟು ನೀರು, ಬಿಸಿಲಿಗೆ ಕಾದ ನುಣುಪಾದ ಕಲ್ಲು. ದಾರಿ ಅದರ ಪಕ್ಕದಲ್ಲೇ ಹಾದು ಹೋಗುತ್ತದೆ. ನಮ್ಮವರು ಯಾರೂ ಅಲ್ಲಿ ನಿಲ್ಲುವುದಿಲ್ಲ. ನಿಂತು ಮಾಡುವಂಥದ್ದು ಏನೂ ಇಲ್ಲ.

ಫ್ರೀಡಾ ನಿಂತಳು. ಬೂಟು ಕಳಚಿದಳು. ಕಾಲುಚೀಲವನ್ನು ಬೂಟಿನೊಳಗೆ ತುರುಕಿ, ನೀರಿಗೆ ಇಳಿದು, ಕಲ್ಲಿನ ಮೇಲೆ ಕಲ್ಲಿಟ್ಟು ಅಣೆಕಟ್ಟು ಕಟ್ಟಲು ಶುರುಮಾಡಿದಳು.

“ಫ್ರೀಡಾ, ನಡಿ ಮರಿ” ಎಂದಳು ಅತ್ತೆ.

“ಬಂದಾಯ್ತಲ್ಲ.”

“ಇನ್ನೂ ಬಂದಿಲ್ಲ. ಆಲ್ಮ್ ಮೇಲಿದೆ.”

“ನಾನು ಬಂದಾಯ್ತು. ನೀನು ಹೋಗಿ ಬಾ ಅಜ್ಜಿ.”

“ಮೇಲೆ ಕರು ಇದೆ ಕಣೇ. ಮೂಗು ಗುಲಾಬಿ ಬಣ್ಣ.”

ಫ್ರೀಡಾ ಅಣೆಕಟ್ಟಿಗೆ ಇನ್ನೊಂದು ಕಲ್ಲಿಟ್ಟಳು. “ಕರು ಇಲ್ಲಿಗೆ ಬರ್ಲಿ.”

ಮೂವತ್ತೈದು ನಿಮಿಷ. ನಿಂತ ಹೊತ್ತಿನ ಕಡೆಗೆ ಅದನ್ನು ಬರೆದುಕೊಂಡೆ. ಅತ್ತೆ ಬಂಡೆಯ ಮೇಲೆ ಕೂತು, ಬೇಸರ ಕಳೆಯಲು ಪಕ್ಕದ ಗುರುತಿನ ಮೇಲಿದ್ದ ಹಕ್ಕಿಯ ಹಿಕ್ಕೆಯನ್ನು ಉಗುರಿನಿಂದ ಕೆರೆದಳು. ಕೊನೆಗೆ ಮೇಲೆ ಜೇನು ಸವರಿದ ಬ್ರೆಡ್ಡು ಸಿಗುತ್ತದೆ ಎಂಬ ಮಾತಿಗೆ ಫ್ರೀಡಾ ಒಪ್ಪಿ, ಒದ್ದೆ ಕಾಲಿಗೇ ಬೂಟು ಹಾಕಿಕೊಂಡಳು.

ಮುಂದೆ ಏಣಿ. ಕಾಡಿನ ಒಳಗೆ, ಬೇರುಗಳ ಮೇಲೆ, ಮರದ ಮೆಟ್ಟಿಲುಗಳ ಮೇಲೆ ತಿರುಗಿ ತಿರುಗಿ ಏರುವ ದಾರಿ. ನದಿಯ ಸದ್ದು ಕಾಲಿನ ಕೆಳಗೆ ಹೋಗುತ್ತದೆ. ಮೊದಲ ತಿರುವಿನಲ್ಲೇ ನಾವು ಮಾತು ನಿಲ್ಲಿಸಿದೆವು. ಫ್ರೀಡಾ ಮೆಟ್ಟಿಲುಗಳನ್ನು ಕೈಯೂರಿ ಹತ್ತುತ್ತಿದ್ದಳು. ಅತ್ತೆ ಮುಂದೆ. ಅವಳ ಕೈ ಜೇಬಿನಿಂದ ಹೊರಗೆ ಬಂದು ಮೊಣಕಾಲಿನ ಮೇಲೆ ಊರಿಕೊಂಡಿತ್ತು. ಮಾಲೆ ಬೆರಳುಗಳ ನಡುವೆ ತೂಗುತ್ತಿತ್ತು. ಒಂದು ಮಣಿಯನ್ನು ಹೆಬ್ಬೆರಳು ಗಟ್ಟಿಯಾಗಿ ಒತ್ತಿಹಿಡಿದಿತ್ತು.

ಮೇಲೆ ತಲುಪಿದಾಗ ಲಾರ್ಚ್ ಮರಗಳು ದೂರ ಸರಿದು ಬಯಲು ತೆರೆಯಿತು. ದೂರದಲ್ಲಿ ದನಗಳ ಗಂಟೆ. ಫ್ರೀಡಾ ದಾರಿಯ ಅಂಚಿನ ಕಾಡುಹಣ್ಣುಗಳನ್ನು ಕಂಡು ಕುಕ್ಕರುಗಾಲಲ್ಲಿ ಕೂತಳು. ಅತ್ತೆ ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟಳು. ಕೈ ಮತ್ತೆ ಜೇಬಿಗೆ ಹೋಯಿತು. ಅವಳು ಬಾಯಿ ತೆರೆದು, ಕೆಳಗೆ ಬಿಟ್ಟಿದ್ದ ಪ್ರಾರ್ಥನೆಯನ್ನು ಅದರ ಅರ್ಧದಿಂದಲೇ ಎತ್ತಿಕೊಂಡಳು:

“...ಈಗಲೂ ನಮ್ಮ ಮರಣದ ಸಮಯದಲ್ಲೂ...”

ಅಲ್ಲಿಗೇ ನಿಂತಳು.

ನಾನು ಅವಳ ಮುಖ ನೋಡಿದೆ. ಅವಳು ನಾವು ಹತ್ತಿ ಬಂದ ಕಾಡನ್ನು ನೋಡುತ್ತಿದ್ದಳು. ಆಮೇಲೆ ಜೇಬಿನಿಂದ ಮಾಲೆಯನ್ನು ಹೊರತೆಗೆದು, ಹೆಬ್ಬೆರಳಿನ ಕೆಳಗಿದ್ದ ಮಣಿಯನ್ನು ಬೆಳಕಿಗೆ ಹಿಡಿದಳು, ಅದು ಒಡೆದಿದೆಯೇನೋ ಎಂಬಂತೆ.

“ಏಣೀಗೆ ಎಷ್ಟು ಹೊತ್ತಾಯ್ತು?” ಎಂದಳು.

“ಮೂವತ್ತೆಂಟು ನಿಮಿಷ.”

“ನಾನೊಬ್ಬಳೇ ಬಂದ್ರೆ?”

“ಗೊತ್ತಿಲ್ಲ ಅತ್ತೆ. ಇಪ್ಪತ್ತೈದು ಇರ್ಬಹುದು.”

“ಅಷ್ಟು ಹೊತ್ತೂ ಒಂದೇ ಮಣಿ” ಎಂದಳು ಅತ್ತೆ. “ಏರಿನಲ್ಲಿ ಯಾರೂ ಜಪ ಹೇಳ್ತಿರ್ಲಿಲ್ಲ. ಉಸಿರೆಲ್ಲಿರುತ್ತೆ? ನಮ್ಮಪ್ಪ ಬೆರಳಲ್ಲಿ ಹಿಡ್ಕೋ ಅಂತ ಹೇಳಿಕೊಟ್ಟಿದ್ದ. ಎಲ್ಲಿ ಬಿಟ್ಯೋ ಅಲ್ಲಿಂದ ಮೇಲೆ ಹೋಗಿ ಹೇಳು ಅಂತ.”

ಹಳಬರು ಸಪಾಟು ದಾರಿಯನ್ನು ಮಾತ್ರ ಎಣಿಸಿದ್ದರು. ಏರು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಕಣಿವೆಯವರು ಹಲಗೆ ಓದುವವರಲ್ಲ, ಅವರಿಗೆ ತಿಳಿಯಲಿಲ್ಲ. ಹೊರಗಿನವರು ತಡವಾದಾಗ ತಮ್ಮ ಕಾಲುಗಳನ್ನೇ ದೂರಿಕೊಂಡು, ನಾಚಿಕೆಯಿಂದ ಸುಮ್ಮನಾದರು. ಮಕ್ಕಳನ್ನು ಹೊತ್ತು ನಡೆದವರಿಗೆ ಮಾತ್ರ ನಾಚಿಕೆಯಾಗಲಿಲ್ಲ.

“ಹಂಗಾದ್ರೆ ಹದಿನಾಲ್ಕೂ ತಪ್ಪು” ಎಂದಳು ಅತ್ತೆ. “ಏರು ಇಲ್ಲದ ದಾರಿ ಇದೆಯಾ ಇಲ್ಲಿ?”

ಫ್ರೀಡಾ ಬಾಯೆಲ್ಲ ನೀಲಿ ಮಾಡಿಕೊಂಡು ಬಂದು, ಕರು ಎಲ್ಲಿ ಎಂದು ಕೇಳಿದಳು.

ಅಲ್ಲಿಂದ ಆಲ್ಮ್‌ಗೆ ಇಪ್ಪತ್ತೊಂಬತ್ತು ನಿಮಿಷ. ಒಟ್ಟು ನೂರ ಹದಿಮೂರು. ಇಳಿಯಲು ಎಂಬತ್ತು. ಕೂಡಿದರೆ ಮೂರು ಗಂಟೆ ಹದಿಮೂರು ನಿಮಿಷ.

*

ಮರುದಿನ ಅತ್ತೆ ನನ್ನ ಗಡಿಯಾರ ಕೇಳಿ ಇಸಿದುಕೊಂಡು ಒಬ್ಬಳೇ ಹೋದಳು. ಒಂದು ಗಂಟೆ ಇಪ್ಪತ್ತೈದು ನಿಮಿಷ. ತನ್ನ ಕಾಲಿಗೂ ಅಜ್ಜನ ಲೆಕ್ಕ ಸರಿಯಿಲ್ಲ ಎನ್ನುವುದು ಅವಳಿಗೆ ಖಚಿತವಾಯಿತು. ಹಿಂದಿರುಗಿ ಬಂದವಳು ಅಡುಗೆಮನೆಯಲ್ಲಿ ಅಜ್ಜನ ಫೋಟೋ ಇದ್ದ ಗೋಡೆಗೆ ಬೆನ್ನು ಹಾಕಿ ಕೂತಳು. ಅದು ಬೇಕೆಂದೇ ಹಾಗೆ ಕೂತದ್ದೋ, ಕುರ್ಚಿ ಅಲ್ಲಿತ್ತೋ, ನಾನು ಕೇಳಲಿಲ್ಲ.

ಸಂಜೆ ವಿಗಿಲ್ ಬಂದ. ಬಾರ್ಲಿ ಗಂಜಿ ಬಡಿಸಿದರೆ ಬೇಡವೆನ್ನದೆ ಎರಡು ಬಟ್ಟಲು ಕುಡಿದು, ನಾನು ಬರೆದಿದ್ದ ಚೀಟಿಯನ್ನು ಕನ್ನಡಕ ಏರಿಸಿ ಓದಿದ.

“ಹದಿಮೂರು ನಿಮಿಷ” ಎಂದ.

“ಹೂಂ.”

“ನೋಡು ಬುರ್ಗಾ. ನಾನು ನಿನಗೆ ಶತ್ರು ಅಲ್ಲ. ಮಗು ಅಂದ್ಮೇಲೆ ಒಂದೊಂದು ದಿನ ಒಂದೊಂದು ಥರ. ನೀನು ಹತ್ತೋಕೆ ಒಂದು ನಲವತ್ತು ಅಂತ ಬರಿ. ಇಳಿಯೋಕೆ ಒಂದು ಇಪ್ಪತ್ತು ಇದ್ದೇ ಇದೆ. ಸರಿಯಾಗಿ ಮೂರು ಗಂಟೆ. ಬೊಟ್ಟೂ ಉಳಿಯುತ್ತೆ, ಮರಾನೂ ಬರುತ್ತೆ, ಜಲ್ಲೀನೂ ಬರುತ್ತೆ. ಯಾರು ಬಂದು ಅಳೀತಾರೆ?”

ಅತ್ತೆ ಮೇಜಿನ ಮೇಲಿದ್ದ ಬ್ರೆಡ್ಡಿನ ಪುಡಿಯನ್ನು ಅಂಗೈಯಿಂದ ಒಟ್ಟುಗೂಡಿಸಿದಳು. ಅವಳು ಒಪ್ಪಿಬಿಡುತ್ತಾಳೆ ಎಂದು ನನಗನ್ನಿಸಿತು. ಒಪ್ಪಲಿ ಎಂದೂ ಅನ್ನಿಸಿತು. ಏಳು ವರ್ಷದ ದುಡಿಮೆಗೆ ಹದಿಮೂರು ನಿಮಿಷ ಏನು ಮಹಾ?

“ಬಸ್ಸು ಅಳೆಯುತ್ತೆ” ಎಂದಳು ಅತ್ತೆ. “ಹದಿಮೂರು ನಿಮಿಷದಲ್ಲಿ ಬಸ್ಸು ಕೆಳಗಿನ ಸೇತುವೆ ದಾಟಿರುತ್ತೆ.”

“ಹಾಗಾದ್ರೆ ಬೊಟ್ಟು ಅಳಿಸೋದಾ?”

“ನನಗೆ ಗುರುವಾರದವರೆಗೂ ಟೈಮ್ ಕೊಡು.”

“ಗುರುವಾರ ಏನಾಗುತ್ತೆ? ಏಣಿ ಸಪಾಟಾಗುತ್ತಾ?”

“ನೀನು ಗಂಜಿ ಕುಡಿದಾಯ್ತಲ್ಲ, ಎದ್ದು ಹೋಗು” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಸೋಮವಾರ, ಮಂಗಳವಾರ ಅವಳು ಮತ್ತೆ ನದಿಯ ದಾರಿಗೆ ಹೋದಳು. ಡಬ್ಬಿ, ಕುಂಚ ಯಾವುದನ್ನೂ ಒಯ್ಯಲಿಲ್ಲ. ನಾನು ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ಹೋಗುವುದನ್ನೂ ಬರುವುದನ್ನೂ ನೋಡಿದೆ. ಏಣಿ ಹತ್ತಿ ಬರಲು ಸಾಲದಷ್ಟು ಬೇಗ ಬರುತ್ತಿದ್ದಳು. ಬುಧವಾರ ಅವಳ ಸ್ಕರ್ಟಿನ ಅಂಚು ಒದ್ದೆಯಾಗಿತ್ತು.

“ನೀರಿಗೆ ಬಿದ್ಯಾ ಅತ್ತೆ?”

“ಇಳಿದೆ” ಎಂದಳು. “ಕಲ್ಲು ಬೆಚ್ಚಗಿದೆ ಅಲ್ಲಿ. ಐವತ್ತು ವರ್ಷದಿಂದ ಪಕ್ಕದಲ್ಲೇ ಓಡಾಡಿದೀನಿ, ಒಂದು ದಿನ ಬೂಟು ಬಿಚ್ಚಿರ್ಲಿಲ್ಲ ನೋಡು.”

ಗುರುವಾರದ ಸಭೆಗೆ ಆಲ್ಮ್‌ನಿಂದ ವೇವಾ ಕೂಡ ಇಳಿದು ಬಂದಿದ್ದಳು. ಅತ್ತೆ ಎದ್ದು ನಿಂತಳು. ಅವಳು ಸಭೆಗಳಲ್ಲಿ ಎದ್ದು ನಿಲ್ಲುವವಳಲ್ಲ, ಕೂತಲ್ಲೇ ಗೊಣಗುವವಳು.

“ಅಪ್ಪನ ಲೆಕ್ಕ ತಪ್ಪು” ಎಂದು ಶುರುಮಾಡಿದಳು. “ನನ್ನ ಲೆಕ್ಕಾನೂ ತಪ್ಪು. ಏರುಗಳನ್ನ ನಾವು ಎಣಿಸೇ ಇಲ್ಲ. ಹದಿನಾಲ್ಕು ಹಲಗೆಗಳನ್ನೂ ಮತ್ತೆ ಅಳೀಬೇಕು. ನಾನೇ ಅಳೀತೀನಿ, ಗಡಿಯಾರದಲ್ಲಿ.” ಹಿಂದಿನ ಸಾಲಿನಲ್ಲಿ ಹಳೆಯ ಕಾಲದ ಒಬ್ಬಿಬ್ಬರು ತಮ್ಮಷ್ಟಕ್ಕೆ ಬೆರಳು ಮಡಿಸಿ ಏನೋ ಎಣಿಸಿಕೊಳ್ಳುತ್ತಿದ್ದರು. “ಗ್ಲೆನ್ ಆಲ್ಮ್ ಮಕ್ಕಳ ದಾರಿ ಅಲ್ಲ. ಬೊಟ್ಟು ಅಲ್ಲೀವರೆಗೂ ಬೇಡ. ಬಿಳಿಗಲ್ಲಿನ ದಂಡೆಗೆ ನಿಲ್ಸಿ. ಅಲ್ಲಿ ಒಂದು ಕಂಬ, ಎರಡು ಬೆಂಚು. ಅಷ್ಟು ದಾರಿಗೆ ಹಸಿರು ಬೊಟ್ಟು ಇರ್ಲಿ. ಏಣಿಯಿಂದ ಮೇಲೆ ಮಾಮೂಲಿ ಕೆಂಪು ಪಟ್ಟೆ.”

“ದಂಡೇಲಿ ಏನಿದೆ?” ಎಂದ ಒಬ್ಬ. “ಬರೀ ಕಲ್ಲು.”

“ಕಲ್ಲು ಇದೆ, ನೀರು ಇದೆ. ಐದು ವರ್ಷದವರಿಗೆ ಸಾಕು.”

ವೇವಾ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. “ಹಾಗಾದ್ರೆ ನನ್ನ ಹತ್ರ ಯಾರು ಬರ್ತಾರೆ ಬುರ್ಗಾ? ನಾನು ಜೇನು, ಬ್ರೆಡ್ಡು ಯಾರಿಗಿಡ್ಲಿ, ಬಿಲದಲ್ಲಿರೋ ಮಾರ್ಮಟ್‌ಗಳಿಗಾ?”

“ದೊಡ್ಡವರು ಬರ್ತಾರೆ.”

“ದೊಡ್ಡವರು ಜೇಬಲ್ಲೇ ತಿಂಡಿ ತರ್ತಾರೆ. ತಿನ್ನೋದು ಮಕ್ಕಳು. ನಿನಗೆ ಚೆನ್ನಾಗಿ ಗೊತ್ತು ಅದು.”

“ಗೊತ್ತು ವೇವಾ.”

“ಗೊತ್ತಿದ್ದೂ ಹೀಗೆ ಮಾಡ್ತಿದೀಯ.”

“ಹೂಂ. ಗೊತ್ತಿದ್ದೂ ಮಾಡ್ತಿದೀನಿ.”

ವೇವಾ ಬಾಗಿಲನ್ನು ಬಡಿಯದೆ, ಮೆಲ್ಲಗೆ ಮುಚ್ಚಿಕೊಂಡು ಹೋದಳು. ಅದು ಬಡಿದದ್ದಕ್ಕಿಂತ ಹೆಚ್ಚು ಕೇಳಿಸಿತು. ಆ ಬೇಸಿಗೆಯೆಲ್ಲ ಅವಳು ಅತ್ತೆಯೊಡನೆ ಮಾತಾಡಲಿಲ್ಲ. ಈಗಲೂ ನೆಟ್ಟಗೆ ಮಾತಿಲ್ಲ. ಹಬ್ಬಕ್ಕೆ ಬೆಣ್ಣೆ ಕಳಿಸುತ್ತಾಳೆ, ಬೇರೆಯವರ ಕೈಯಲ್ಲಿ.

ಕೈ ಎತ್ತಿಸಿದಾಗ ಹನ್ನೊಂದು ಕೈಗಳು ಮೇಲೆ ಹೋದವು, ನಾಲ್ಕು ಹೋಗಲಿಲ್ಲ. ವಿಗಿಲ್ ಎಲ್ಲರಿಗಿಂತ ತಡವಾಗಿ ಎತ್ತಿದ. “ನಿಮ್ಮಪ್ಪ ಇದ್ದಿದ್ರೆ ನಿನ್ನ ಬೆನ್ನು ಮುರೀತಿದ್ದ” ಎಂದ. ಅತ್ತೆ, “ನಮ್ಮಪ್ಪ ಇದ್ದಿದ್ರೆ ನಡೆಸಿ ತೋರಿಸ್ತಿದ್ದೆ” ಎಂದಳು.

ಕಂಬ ನೆಡುವ ದಿನ ನಾನೂ ಹೋಗಿದ್ದೆ. ದಂಡೆಯಲ್ಲಿ ಮಣ್ಣಿಲ್ಲ, ಎಷ್ಟು ಅಗೆದರೂ ಕಲ್ಲು. ಅತ್ತೆ ಹಾರೆಯಿಂದ ಒಂದೊಂದೇ ಕಲ್ಲನ್ನು ಎಬ್ಬಿಸಿ, ತೆಗೆದವನ್ನೇ ಮತ್ತೆ ಕಂಬದ ಸುತ್ತ ಬಿಗಿದಳು. ಹಲಗೆಯಲ್ಲಿ ಬಿಳಿಗಲ್ಲಿನ ದಂಡೆ ಎಂದು ಬರೆದು, ಹಸಿರು ಬೊಟ್ಟು ಹಾಕಿ, ಹೊತ್ತಿನ ಜಾಗವನ್ನು ಖಾಲಿ ಬಿಟ್ಟಳು. ಬಸ್ಸಿನ ಬಳಿಯ ಹಲಗೆ ಕೂಡ ಹಾಗೇ. ಒಂದು ಮಗುವಿನ ಅಳತೆ ಸಾಲದು ಎನ್ನುವುದು ಅವಳ ವಾದ.

ಮೂರು ಭಾನುವಾರ ಅವಳು ದಂಡೆಯ ಬೆಂಚಿನ ಮೇಲೆ ಕೂತು ಉಣ್ಣೆಯ ಕಾಲುಚೀಲ ಹೆಣೆದಳು. ಮಕ್ಕಳಿರುವ ಸಂಸಾರ ಯಾವುದು ಬಂದರೂ ಕೇಳುತ್ತಿದ್ದಳು, “ಬಸ್ ಇಳಿದದ್ದು ಎಷ್ಟಕ್ಕೆ?” ಕೆಲವರು ಗಾಬರಿಯಾಗಿ ಟಿಕೆಟ್ ತೆಗೆದು ತೋರಿಸಿದರು. ಒಬ್ಬ ಹುಡುಗಿ ಬಸವನಹುಳುವೊಂದನ್ನು ಕೈಯಲ್ಲಿ ಹೊತ್ತು, ಅದು ಬಳಲುತ್ತದೆಂದು ಮೆಲ್ಲಗೆ ನಡೆದು ಎಪ್ಪತ್ತು ನಿಮಿಷ ತೆಗೆದುಕೊಂಡಿದ್ದಳು. ಅತ್ತೆ ಅದನ್ನೂ ಬರೆದುಕೊಂಡಳು. ನಲವತ್ತು, ಐವತ್ತೈದು, ನಲವತ್ತೆಂಟು, ಎಪ್ಪತ್ತು, ನಲವತ್ತೈದು. ಮೂರನೆಯ ಭಾನುವಾರ ಮಧ್ಯಾಹ್ನ ಅವಳು ಎದ್ದು, ಡಬ್ಬಿ ತೆರೆದು, ಬೊಟ್ಟಿನ ಪಕ್ಕದ ಖಾಲಿ ಜಾಗದಲ್ಲಿ ಮನೆಯಿಂದ ತಂದಿದ್ದ ಅಂಕಿಗಳ ಅಚ್ಚನ್ನು ಒತ್ತಿ ಹಿಡಿದು ‘55 ನಿಮಿಷ’ ಎಂದು ಬಳಿದಳು. ಬಸ್ಸಿನ ಬಳಿಯ ಹಲಗೆಯ ಸರದಿ ಸಂಜೆಗೆ.

ಬಣ್ಣ ಇನ್ನೂ ಹಸಿಯಾಗಿದ್ದಾಗಲೇ ಒಂದು ಸಂಸಾರ ಬಂತು. ಅಪ್ಪ, ಅಮ್ಮ, ಅಪ್ಪನ ಹೆಗಲ ಮೇಲೆ ಮೂರು ವರ್ಷದ ಹುಡುಗಿ. ಅಪ್ಪ ಏದುಸಿರು ಬಿಡುತ್ತಿದ್ದ.

“ಅಮ್ಮಾ, ಮೇಲೆ ಆಲ್ಮ್ ಇದೆಯಂತಲ್ಲ, ಇಲ್ಲಿಂದ ಎಷ್ಟು ದೂರ ಆಗುತ್ತೆ? ನೀವು ಈ ಊರಿನವರಲ್ವಾ?”

“ನಿನ್ನ ಮಗಳನ್ನ ಕೆಳಗಿಳಿಸಿ ನಡೆಸ್ತೀಯೋ, ಹೊತ್ಕೊಂಡೇ ಹೋಗ್ತೀಯೋ?”

“ಸ್ವಲ್ಪ ನಡೀತಾಳೆ.”

ಅತ್ತೆ ಹುಡುಗಿಯ ಕಾಲುಗಳನ್ನು ನೋಡಿದಳು. ಆಮೇಲೆ ಕಾಡಿನ ಕಡೆ ಕೈ ತೋರಿದಳು. “ಅಲ್ಲಿ ಏಣಿ ಅಂತ ಒಂದು ಏರು ಇದೆ. ಇವಳ ಕಾಲಿಗೆ ಅದೊಂದೇ ಮುಕ್ಕಾಲು ಗಂಟೆ. ಆಮೇಲೆ ಇನ್ನೂ ಅರ್ಧ ಗಂಟೆ. ಮೇಲೆ ವೇವಾ ಅಂತ ಇದಾಳೆ, ಅವಳ ಜೇನು ಬ್ರೆಡ್ಡು ತುಂಬಾ ಚೆನ್ನಾಗಿರುತ್ತೆ. ಇನ್ನೊಂದು ಸಲ ಬೆಳಿಗ್ಗೆ ಮೊದಲ ಬಸ್ಸಿಗೆ ಬಾ, ತಿಂದ್ಕೊಂಡು ಹೋಗ್ಬಹುದು. ಇವತ್ತು ಕೊನೇ ಬಸ್ಸು ಐದೂ ಇಪ್ಪತ್ತಕ್ಕೆ.”

ಅವನು ಗಡಿಯಾರ ನೋಡಿಕೊಂಡ. ಹೆಂಡತಿಯನ್ನು ನೋಡಿದ. ಅವಳು ಆಗಲೇ ಕಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದಳು.